ಎಳೆಯ ತಾಯಿಯ ಮನೆಗೆ ಭೆಟ್ಟಿ

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ವಾಚನಾಲಯದಲ್ಲಿ ವರ್ತಮಾನಪತ್ರ ಓದುತ್ತ ಕುಳಿತಿದ್ದ ಸದಸ್ಯರೊಬ್ಬರು ಪತ್ರಿಕೆಯನ್ನು ಮಡಿಚಿಟ್ಟು ಒಂದು ಪ್ರಶ್ನೆ ಕೇಳಿದರು. "ನಮ್ಮ ಪಕ್ಕದ ಖೋಲಿಯಲ್ಲಿ ಒಂದು ಎಳೆಗೂಸು ಇದೆ. ರಾತ್ರಿ ಎರಡು ತಾಸು ಒಂದೇ ಸವನೆ ಅಳುತ್ತದೆ. ಆಮೇಲೆ ತಾಯಿ ಕಿರಿಚುವ ಸಪ್ಪಳ, ಅದರ ಹಿಂದೆಯೇ ಹೊಡೆದ ಸಪ್ಪಳ. ಆಕೆಯೇ ಹದಿನೆಂಟೋ ಹತ್ತೊಂಬತ್ತೋ ವಯಸ್ಸಿನ ಹುಡುಗಿ. ನಾವು ಪೋಲೀಸರಿಗೆ ಹೇಳಬೇಕೆ, ಸುಮ್ಮನಿರಬೇಕೆ?"

ಅಲ್ಲಿದ್ದವರಲ್ಲಿ ಕೆಲವರು ಪೋಲೀಸ್ ಎಂದರು, ಹೆಚ್ಚಿನವರು ಪರರ ಮನೆಯ ಉಸಾಬರಿ ನಮಗೇಕೆ ಎಂದರು. ಎರಡೂ ಮಾತು ನಮಗೆ ಸರಿಕಾಣಲಿಲ್ಲ. ಆ ದಿನದಿಂದ ಈ ವಿಷಯದಲ್ಲಿ ಓದಿದ್ದನ್ನು, ಕೇಳಿದ್ದನ್ನು, ಕೈಯಾರೆ ಮಾಡಿ ತಪ್ಪಿದ್ದನ್ನು ಕೂಡಿಸಿ ಇಲ್ಲಿ ಬರೆಯುತ್ತಿದ್ದೇವೆ. ಪೋಲೀಸು, ಮೌನ ಈ ಎರಡರ ನಡುವೆ ಮೂರನೆಯದೊಂದು ದಾರಿ ಇದೆ. ಅದು ಆ ಖೋಲಿಯ ಬಾಗಿಲು ತಟ್ಟಿ ಒಳಗೆ ಹೋಗಿ ಕೂಡ್ರುವದು. ಕೇಳಲಿಕ್ಕೆ ಬಹು ಸಣ್ಣ ಸಂಗತಿ. ಆದರೆ ಲೋಕದ ಅನೇಕ ದೇಶಗಳಲ್ಲಿ ಇದನ್ನೇ ಒಂದು ಶಾಸ್ತ್ರವನ್ನಾಗಿ ಮಾಡಿ, ಹತ್ತಾರು ವರ್ಷ ಲೆಕ್ಕ ಇಟ್ಟು ನೋಡಿದ್ದಾರೆ.

ಮೊದಲು, ಹಡೆದ ತಾಯಿಯೇ ಕೂಸಿಗೆ ಹೊಡೆಯುವದೆಂದರೇನು? ಕೆಟ್ಟ ಹೆಂಗಸು ಎಂದು ಒಂದು ಮಾತಿನಲ್ಲಿ ತೀರಿಸಿಬಿಡುತ್ತೇವೆ. ಊರಿನ ಕಡೆಯ ಪದ್ಧತಿಯನ್ನು ವಾಚಕರು ನೆನೆಸಿಕೊಳ್ಳಬೇಕು. ಚೊಚ್ಚಿಲು ಬಸುರಿಗೆ ಕುಬಸ ಮಾಡಿ ತವರಿಗೆ ಕರೆದೊಯ್ಯುತ್ತಾರೆ. ಹೆರಿಗೆ ಅಲ್ಲಿ, ಬಾಣಂತನ ಅಲ್ಲಿ. ಎರೆಯುವದಕ್ಕೆ ಅಜ್ಜಿ, ತೊಟ್ಟಿಲು ತೂಗುವದಕ್ಕೆ ತಂಗಿ, ರಾತ್ರಿ ಕೂಸು ಅತ್ತರೆ ಎತ್ತಿಕೊಳ್ಳುವದಕ್ಕೆ ನಾಲ್ಕು ಜನ. ಸೂಲಗಿತ್ತಿಯು ಹೆರಿಗೆಯ ದಿನ ಬಂದು ಹೋಗಿಬಿಡುತ್ತಿರಲಿಲ್ಲ, ದಿನವೂ ಬಂದು ತಾಯಿ ಮಗುವನ್ನು ನೋಡುತ್ತಿದ್ದಳು. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಮಿಕ್ಕಿ ಹೆರಿಗೆಗಳನ್ನು ಬಿಟ್ಟಿಯಾಗಿ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ಡಿಸೆಂಬರದಲ್ಲಿ ತೀರಿಕೊಂಡರು. ಅವರನ್ನು ಕೈಗುಣಕ್ಕಾಗಿ ಹೊಗಳಿದವರು ಬಹಳ. ಆದರೆ ಅಂಥವರು ಎಳೆಯ ತಾಯಿಯ ಧೈರ್ಯವನ್ನೂ ಕಾಯುತ್ತಿದ್ದರೆಂಬುದನ್ನು ಯಾರೂ ಎಣಿಸಲಿಲ್ಲ.

ಈಗ ಅದೇ ಹುಡುಗಿಯನ್ನು ವಿಠ್ಠಲವಾಡಿಗೆ ತಂದು ಇಡಿರಿ. ಕಲ್ಯಾಣದಿಂದ ಕರ್ಜತ್ ಕಡೆಗೆ ಮೊದಲನೆಯ ಠಾಣೆ. ಗಾಡಿಗಳ ಸದ್ದು, ಹತ್ತು ಅಡಿ ಉದ್ದಗಲದ ಖೋಲಿ, ಹೊರಗೆ ನೀರಿನ ಸರದಿ. ತವರಿನಲ್ಲಿ ತಾಯಿ ಕೂಲಿಗೆ ಹೋಗುವವಳು, ಬಾಣಂತನಕ್ಕೆ ಕರೆಯುವ ಶಕ್ತಿ ಇಲ್ಲ. ಅಥವಾ ಮನೆಯವರ ಮಾತು ಮೀರಿ ಮದುವೆಯಾದುದರಿಂದ ತವರಿನ ಬಾಗಿಲೇ ಮುಚ್ಚಿದೆ. ಗಂಡನದು ರಾತ್ರಿ ಪಾಳಿ. ಹಗಲು ಅವನು ಮಲಗಬೇಕು, ಆದುದರಿಂದ ಹಗಲು ಕೂಸು ಅಳಕೂಡದು. ರಾತ್ರಿ ನೆರೆಯವರು ಮಲಗಬೇಕು, ಆದುದರಿಂದ ರಾತ್ರಿಯೂ ಅಳಕೂಡದು. ಮಾತನಾಡೋಣವೆಂದರೆ ಆಕೆಗೆ ಕನ್ನಡವೊಂದೇ ಗೊತ್ತು. ಅಕ್ಕಪಕ್ಕದಲ್ಲಿ ಮರಾಠಿ, ಸಿಂಧಿ, ಹಿಂದಿ. ಮೂರು ವಾರ ನಿದ್ದೆ ಇಲ್ಲದೆ ಹೀಗೆ ಕಳೆದರೆ ಯಾವ ಗಟ್ಟಿಗನ ಕೈಯೂ ತಡೆಯುವದು ಕಷ್ಟ.

ಕೂಸಿನ ಅಳುವಿನ ಬಗೆಗೆ ಒಂದು ಸಂಗತಿ ಎಲ್ಲ ಮನೆಗಳಿಗೂ ತಿಳಿದಿರಬೇಕು. ಆರೋಗ್ಯವಂತ ಕೂಸು ಹುಟ್ಟಿದ ಎರಡನೆಯ ವಾರದಿಂದ ದಿನೇ ದಿನೇ ಹೆಚ್ಚು ಅಳುತ್ತ ಹೋಗಿ, ಸುಮಾರು ಆರನೆಯ ವಾರದಲ್ಲಿ ಅಳು ತುಟ್ಟತುದಿಗೆ ಮುಟ್ಟುತ್ತದೆ. ಮೂರು ನಾಲ್ಕು ತಿಂಗಳ ಹೊತ್ತಿಗೆ ತಾನಾಗಿಯೇ ಇಳಿಯುತ್ತದೆ. ಹೆಚ್ಚಾಗಿ ಸಂಜೆಯ ಮೇಲೆ, ಕಾರಣವಿಲ್ಲದೆ, ಎತ್ತಿಕೊಂಡರೂ ನಿಲ್ಲದ ಅಳು. ಇದು ಹಾಲು ಸಾಲದ್ದೂ ಅಲ್ಲ, ದೃಷ್ಟಿ ತಾಗಿದ್ದೂ ಅಲ್ಲ. (ಜ್ವರ, ಹಾಲು ಕುಡಿಯದಿರುವದು, ಮಂಕುತನ ಇದ್ದರೆ ಮಾತ್ರ ತಡಮಾಡದೆ ದವಾಖಾನೆಗೆ ಒಯ್ಯಬೇಕು.) ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ತಾಯಿ "ಇನ್ನು ನಾಲ್ಕು ವಾರ" ಎಂದು ದಿನ ಎಣಿಸಬಹುದು. ಹೇಳದಿದ್ದರೆ ತಾನೇ ಕೆಟ್ಟ ತಾಯಿ, ಇಲ್ಲವೆ ಕೂಸೇ ಕೆಟ್ಟದ್ದು ಎಂದು ತಿಳಿಯುತ್ತಾಳೆ. ಅಪಾಯ ಇರುವದು ಆ ತಿಳಿವಳಿಕೆಯಲ್ಲಿ. ಹೊಡೆತಕ್ಕಿಂತಲೂ ಭಯಂಕರವಾದದ್ದು ರೆಟ್ಟೆ ಹಿಡಿದು ಕೂಸನ್ನು ಅಲುಗಿಸುವದು. ಹಸುಳೆಯ ಕುತ್ತಿಗೆಗೆ ತಲೆಯನ್ನು ತಡೆಯುವ ಬಲವಿಲ್ಲ. ಮಿದುಳಿನೊಳಗೆ, ಕಣ್ಣಿನ ಹಿಂದೆ ರಕ್ತ ಒಸರಿ ಕೂಸು ಕುರುಡಾಗಬಹುದು, ಸಾಯಲೂಬಹುದು. ಹೊರಗೆ ಒಂದು ಗಾಯವೂ ಕಾಣದು. ಸಿಟ್ಟು ತಲೆಗೇರಿದಾಗ ಕೂಸನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ಹೊರಗೆ ಬಂದು ಹತ್ತು ನಿಮಿಷ ಕಟ್ಟೆಯ ಮೇಲೆ ಕುಳಿತರೆ ತಾಯಿಗೆ ಯಾವ ಪಾಪವೂ ಇಲ್ಲ. ಅಳುವದರಿಂದ ಕೂಸು ಸಾಯುವದಿಲ್ಲ.

ಮುಂಬಯಿಯ ಗಿರಣಿಗಳ ಹಳೆಯ ಕಾಲದಲ್ಲಿ ಈ ಅಳುವಿಗೆ ಇನ್ನೊಂದು ಮದ್ದು ಇತ್ತು. ಕೆಲಸಕ್ಕೆ ಹೋಗುವ ತಾಯಂದಿರು ಕೂಸಿಗೆ 'ಬಾಳಗೋಳಿ' ಎಂಬ ಅಫೀಮಿನ ಗುಳಿಗೆ ಕೊಟ್ಟು ಮಲಗಿಸಿ ಹೋಗುತ್ತಿದ್ದರು. ಗಿರಣಿಯ ಹೆಂಗಸರ ಸ್ಥಿತಿಯನ್ನು ನೋಡಲು ನೇಮಕವಾದ ಬಾರ್ನ್ಸ್ ಎಂಬ ಡಾಕ್ಟರ ಬಾಯಿಯವರು 1922ರಲ್ಲಿಯೇ ಇದನ್ನು ಬರೆದಿಟ್ಟಿದ್ದಾರೆ. ಆ ತಾಯಂದಿರು ಮಕ್ಕಳ ವೈರಿಗಳಾಗಿದ್ದರೆ? ಕೂಸನ್ನು ನೋಡುವವರಿಲ್ಲ, ಭೋಂಗಾ ಆಗುವದರೊಳಗೆ ಬಾಗಿಲು ಮುಟ್ಟಬೇಕು, ಅಷ್ಟೇ.

ಹಾಗೆಂದು ತಾಯಿ ತಂದೆಯರಿಂದ ಆಗುವ ಕೇಡು ಸುಳ್ಳಲ್ಲ. 1962ರಲ್ಲಿ ಅಮೇರಿಕೆಯ ಹೆನ್ರಿ ಕೆಂಪೆ ಎಂಬ ಮಕ್ಕಳ ವೈದ್ಯರು, ಮೂಳೆ ಮುರಿದುಕೊಂಡು ಬರುವ ಎಷ್ಟೋ ಕೂಸುಗಳು ಬಿದ್ದು ಬಂದವುಗಳಲ್ಲ, ಹೊಡೆತ ತಿಂದು ಬಂದವುಗಳು ಎಂದು ಬಿಚ್ಚಿ ಹೇಳಿದಾಗ ವೈದ್ಯಲೋಕವೇ ಬೆಚ್ಚಿತು. ನಮ್ಮ ಕೇಂದ್ರ ಸರಕಾರ 13 ರಾಜ್ಯಗಳ 12,447 ಮಕ್ಕಳನ್ನು ಕೇಳಿ 2007ರಲ್ಲಿ ಒಂದು ವರದಿ ಪ್ರಕಟಿಸಿತು. ಮೂವರಲ್ಲಿ ಇಬ್ಬರು ಮಕ್ಕಳು ಪೆಟ್ಟು ತಿಂದವರು. ಮನೆಯಲ್ಲಿ ತಿಂದ ಪೆಟ್ಟು ಬಹುಪಾಲು ತಂದೆತಾಯಿಗಳದೇ.

ಇನ್ನು ಮನೆಭೆಟ್ಟಿಯ ಕಥೆ. ಡೇವಿಡ್ ಓಲ್ಡ್ಸ್ ಎಂಬ ತರುಣ ಬಾಲ್ಟಿಮೋರ್ ಪಟ್ಟಣದ ಒಂದು ಶಿಶುವಿಹಾರದಲ್ಲಿ ಕೆಲಸಕ್ಕೆ ಇದ್ದ. ನಾಲ್ಕು ಐದು ವರ್ಷದ ಮಕ್ಕಳು ಅಷ್ಟರಲ್ಲಿಯೇ ಮುರಿದು ಬಂದಿರುವದನ್ನು ಕಂಡು, ಇಷ್ಟು ತಡವಾಗಿ ಹಿಡಿದರೆ ಏನೂ ಸಾಗದು, ಬಸುರಿನಿಂದಲೇ ಆರಂಭಿಸಬೇಕು ಎಂದುಕೊಂಡ. 1978ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಎಲ್ಮೈರಾ ಎಂಬ ಬಡ ಊರಿನಲ್ಲಿ 400 ಚೊಚ್ಚಿಲು ಬಸುರಿಯರನ್ನು ಚೀಟಿ ಎತ್ತಿದಂತೆ ಪಾಲು ಮಾಡಿ, ಒಂದು ಪಾಲಿನವರ ಮನೆಗೆ ಬಸುರಿನಿಂದ ಹಿಡಿದು ಕೂಸಿಗೆ ಎರಡು ವರ್ಷ ತುಂಬುವ ವರೆಗೆ ದಾದಿಯರನ್ನು ಕಳಿಸಿದ. ಬಸುರಿನಲ್ಲಿ ಸರಾಸರಿ 9 ಸಲ, ಹೆತ್ತ ಮೇಲೆ 23 ಸಲ. ದಾದಿ ಹೋಗಿ ಮಾಡಿದ್ದೇನು? ಕೂಸಿನ ಅಳುವಿನ ಅರ್ಥ ಹೇಳಿದಳು, ತಾಯಿಯ ಊಟ ಕೇಳಿದಳು, ಸಿಗರೇಟು ಬಿಡಿಸಿದಳು, ಮುಂದೆ ಓದುವೆಯಾ, ಕೆಲಸ ಹುಡುಕುವೆಯಾ ಎಂದು ವಿಚಾರಿಸಿದಳು, ಗಂಡನನ್ನೂ ಅತ್ತೆಯನ್ನೂ ಮಾತಿಗೆ ಎಳೆದಳು. ಹದಿನೈದು ವರ್ಷದ ಮೇಲೆ ಸರಕಾರಿ ದಫ್ತರ ತೆಗೆದು ನೋಡಿದರೆ, ದಾದಿ ಹೋದ ಮನೆಗಳಲ್ಲಿ ಮಕ್ಕಳಿಗೆ ಕೇಡಾದ ಪ್ರಕರಣಗಳು 48 ಶೇಕಡಾ ಕಡಿಮೆ ಇದ್ದವು. ಇದು 1997ರಲ್ಲಿ ಪ್ರಕಟವಾಯಿತು.

ಆದರೆ ಅದರ ಹಿಂದೆಯೇ ಇನ್ನೊಂದು ಮಾತು ಬಂತು. ನಮ್ಮ ಎಣಿಕೆಯಲ್ಲಿ ಅದು 48ಕ್ಕಿಂತ ಮುಖ್ಯವಾದದ್ದು. ಗಂಡ ಹೆಂಡತಿಗೆ ಹೊಡೆಯುವ ಮನೆಗಳಲ್ಲಿ ಈ ಭೆಟ್ಟಿಗಳ ಫಲ ಕುಗ್ಗುತ್ತ ಹೋಗಿ, ಆ ಹದಿನೈದು ವರ್ಷಗಳಲ್ಲಿ 28ಕ್ಕಿಂತ ಹೆಚ್ಚು ಸಲ ಹೊಡೆದಾಟ ನಡೆದ ಮನೆಗಳಲ್ಲಿ ಫಲ ಕಾಣಲೇ ಇಲ್ಲ. ತಾಯಿಯ ಮೈಮೇಲೆ ಬಾಸುಂಡೆ ಇರುವಲ್ಲಿ ಕೂಸಿಗೆ ಹೇಗೆ ಎರೆಯಬೇಕೆಂದು ಹೇಳಿಕೊಟ್ಟು ಬಂದರೆ ಏನು ಬಂತು? ಅಲ್ಲಿ 181 ಎಂಬ ಮಹಿಳಾ ಸಹಾಯವಾಣಿ ಬೇಕು, 2005ರ ಕೌಟುಂಬಿಕ ಹಿಂಸೆಯ ಕಾಯಿದೆ ಬೇಕು.

ಇಂಗ್ಲಂಡಿನವರು ಇದೇ ಕ್ರಮವನ್ನು ತಂದು, 19 ವರ್ಷ ಹಾಗೂ ಅದಕ್ಕೂ ಕಡಿಮೆ ವಯಸ್ಸಿನ 1,645 ತಾಯಂದಿರಲ್ಲಿ ಪರೀಕ್ಷಿಸಿದರು. 2016ರಲ್ಲಿ ಬಂದ ಫಲಿತಾಂಶ ಸಪ್ಪೆಯಾಗಿತ್ತು. ಕೂಸಿನ ತೂಕದಲ್ಲಾಗಲಿ, ತುರ್ತಾಗಿ ಆಸ್ಪತ್ರೆಗೆ ಓಡುವದರಲ್ಲಾಗಲಿ ಅಂತರ ಕಾಣಲಿಲ್ಲ. ಈ ಸುದ್ದಿ ಓದಿ ನಮ್ಮ ಉತ್ಸಾಹ ಒಂದಿಷ್ಟು ಇಳಿದದ್ದು ನಿಜ. ಆದರೆ ಅಲ್ಲಿ ಪ್ರತಿಯೊಬ್ಬ ಬಾಣಂತಿಯ ಮನೆಗೂ ಸೂಲಗಿತ್ತಿ, ಆರೋಗ್ಯ ಸಂದರ್ಶಕಿ ಮೊದಲಿನಿಂದಲೂ ಬರುತ್ತಾರೆ; ಹೊಟ್ಟೆ ತುಂಬಿದವರಿಗೆ ಇನ್ನೊಂದು ರೊಟ್ಟಿ ಬಡಿಸಿದಂತೆ ಆಗಿರಬೇಕು. ನಮ್ಮ ಚಾಳುಗಳಲ್ಲಿ ಮೊದಲನೆಯ ರೊಟ್ಟಿಯದೇ ಪ್ರಶ್ನೆ.

ನಮ್ಮ ಸೀಮೆಯಲ್ಲಿ ಏನೂ ನಡೆದಿಲ್ಲವೆಂದಲ್ಲ. ಇದೇ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾಕ್ಟರ್ ಅಭಯ ಬಂಗ, ಡಾಕ್ಟರ್ ರಾಣಿ ಬಂಗ ದಂಪತಿಗಳು 39 ಹಳ್ಳಿಗಳಲ್ಲಿ ಆಯಾ ಹಳ್ಳಿಯ ಹೆಂಗಸರನ್ನೇ ತರಬೇತು ಮಾಡಿ ಬಾಣಂತಿಯರ ಮನೆಗೆ ಕಳಿಸಿದರು. ತಿಂಗಳೊಳಗಿನ ಕೂಸುಗಳ ಸಾವು 62 ಶೇಕಡಾ ಇಳಿಯಿತೆಂದು 1999ರಲ್ಲಿ ಲೋಕಕ್ಕೆ ತಿಳಿಯಿತು. ಆಶಾ ಕಾರ್ಯಕರ್ತೆಯರು 2011ರಿಂದ ಮನೆಮನೆಗೆ ಬರುತ್ತಿರುವದು ಆ ಕೆಲಸದ ಫಲವೇ. ಅವರ ದಿನಗಳನ್ನು ವಾಚಕರು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬಹುದು: ಹೆರಿಗೆಯ ತರುವಾಯ 3, 7, 14, 21, 28 ಮತ್ತು 42ನೆಯ ದಿನ, ಮನೆಯಲ್ಲಿಯೇ ಹೆರಿಗೆಯಾದರೆ ಮೊದಲ ದಿನವೂ. 2018ರಲ್ಲಿ ಇದಕ್ಕೆ 3, 6, 9, 12, 15ನೆಯ ತಿಂಗಳುಗಳ ಭೆಟ್ಟಿ ಸೇರಿತು. ಅಂಗನವಾಡಿಯಂತೂ 1975ರ ಅಕ್ಟೋಬರ್ 2ರಿಂದ ಇದೆ. ಕರ್ನಾಟಕದಲ್ಲಿ ತಿರುಮಕೂಡಲು ನರಸೀಪುರದಲ್ಲಿ ಮೊದಲು ಆರಂಭವಾಯಿತು.

ಈ ಭೆಟ್ಟಿಗಳಲ್ಲಿ ಕೂಸಿನ ತೂಕ, ಹೊಕ್ಕುಳು, ಜ್ವರ, ಚುಚ್ಚುಮದ್ದು ಎಲ್ಲವೂ ಬರುತ್ತದೆ. ತಾಯಿಯ ಮನಸ್ಸಿಗೆ ಮಾತ್ರ ವೇಳೆ ಉಳಿಯುವದಿಲ್ಲ. ಹೆತ್ತ ಮೇಲೆ ಕೆಲವರಿಗೆ ಮನಸ್ಸು ಕತ್ತಲಾಗುತ್ತದೆ. ಕಾರಣವಿಲ್ಲದೆ ಅಳು, ಕೂಸಿನ ಮೇಲೆ ಮಮತೆಯೇ ಹುಟ್ಟದಿರುವದು. ಇದನ್ನು ಸೊಕ್ಕು ಎನ್ನುವ ಅತ್ತೆಯಂದಿರು ಉಂಟು, ಗಾಳಿ ಎನ್ನುವವರೂ ಉಂಟು. ಇದು ಕಾಯಿಲೆ, ಗುಣವಾಗುವ ಕಾಯಿಲೆ. ಪಾಕಿಸ್ತಾನದ ರಾವಳಪಿಂಡಿಯ ಹಳ್ಳಿಗಳಲ್ಲಿ ಅತೀಫ್ ರಹಮಾನ್ ಎಂಬ ವೈದ್ಯರು, ನಮ್ಮಂತೆ ಶಾಲೆಯ ಓದನ್ನಷ್ಟೇ ಮುಗಿಸಿದ ಆರೋಗ್ಯ ಕಾರ್ಯಕರ್ತೆಯರಿಗೆ ಮಾತನಾಡುವ ರೀತಿಯನ್ನು ಕಲಿಸಿ, ಇಂಥ 903 ತಾಯಂದಿರಲ್ಲಿ ಅರ್ಧದಷ್ಟು ಜನರ ಮನೆಗೆ ಕಳಿಸಿದರು. ಆರು ತಿಂಗಳಿಗೆ ಆ ಮನೆಗಳ ತಾಯಂದಿರಲ್ಲಿ ನೂರಕ್ಕೆ 23 ಜನರಲ್ಲಿ ಮಾತ್ರ ಕಾಯಿಲೆ ಉಳಿದಿತ್ತು. ಬರಿದೆ ಭೆಟ್ಟಿ ಕೊಟ್ಟುಬಂದ ಮನೆಗಳಲ್ಲಿ 53 ಜನರಲ್ಲಿ. ಇದು 2008ರ ಮಾತು. ಭೆಟ್ಟಿಯ ಲೆಕ್ಕ ಎರಡೂ ಕಡೆ ಒಂದೇ, ಮಾತಿನ ರೀತಿ ಬೇರೆ! ಗೋವೆಯಲ್ಲಿ ನೆರೆಹೊರೆಯ ಅನುಭವಸ್ಥ ತಾಯಂದಿರಿಂದಲೇ ಇದನ್ನು ಮಾಡಿಸಿ ನೋಡಿದರು. ಫಲ ಅಷ್ಟು ದೊಡ್ಡದಾಗಿರಲಿಲ್ಲ, ಆದರೂ ಇತ್ತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಕಾಯಿಲೆ ಬಲಿತ ತಾಯಿಯನ್ನು ಕೂಸಿನೊಡನೆಯೇ ಇಟ್ಟುಕೊಂಡು ಉಪಚರಿಸುವ ವಿಭಾಗ 2009ರಿಂದ ನಡೆದಿದೆ. ಇಲ್ಲಿದ್ದುಕೊಂಡೇ 14416ಕ್ಕೆ ಫೋನು ಮಾಡಿದರೆ ಮನಸ್ಸಿನ ಕಷ್ಟವನ್ನು ಕನ್ನಡದಲ್ಲಿಯೂ ಹೇಳಿಕೊಳ್ಳಬಹುದು.

ಈಗ ಒಂದು ಬಿಕ್ಕಟ್ಟಿನ ಸಂಗತಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 20ರಿಂದ 24 ವಯಸ್ಸಿನ ಹೆಂಗಸರಲ್ಲಿ 18 ತುಂಬುವ ಮೊದಲೇ ಮದುವೆಯಾದವರು ಕರ್ನಾಟಕದಲ್ಲಿ ಶೇಕಡಾ 21.3, ಮಹಾರಾಷ್ಟ್ರದಲ್ಲಿ 21.9. ಎಂದರೆ ಐವರಲ್ಲಿ ಒಬ್ಬಳು. ನಮ್ಮ ಜನರಲ್ಲಿ ಇದು ಇಲ್ಲವೆಂದು ಯಾರೂ ಎದೆ ತಟ್ಟಿಕೊಳ್ಳುವಂತಿಲ್ಲ. 2012ರ ಪೋಕ್ಸೋ ಕಾಯಿದೆಯಂತೆ 18ರೊಳಗಿನ ಹುಡುಗಿಯ ಬಸಿರು ಎಂದರೆ ಅಪರಾಧ ನಡೆದಿದೆ ಎಂದೇ ಅರ್ಥ. ಅದು ತಿಳಿದವರು ವರದಿ ಮಾಡಲೇಬೇಕು. ಮದುವೆಯಾಗಿದೆ ಎಂಬ ನೆವ ನಡೆಯದೆಂದು ಸರ್ವೋಚ್ಚ ನ್ಯಾಯಾಲಯ 2017ರ ಅಕ್ಟೋಬರ್ 11ರಂದು ತೀರ್ಪಿತ್ತಿತು. ಕಾಯಿದೆ ಹುಡುಗಿಯರ ಒಳಿತಿಗಾಗಿ ಆದದ್ದು, ತಪ್ಪೆನ್ನುವದಿಲ್ಲ. ಆದರೆ ಗಂಡ ಜೇಲಿಗೆ ಹೋಗುವನೆಂಬ ಭಯದಿಂದ ಅಂಥ ಹುಡುಗಿ ದವಾಖಾನೆಯ ಮೆಟ್ಟಲು ತುಳಿಯುವದಿಲ್ಲ, ವಯಸ್ಸು ಸುಳ್ಳು ಹೇಳುತ್ತಾಳೆ, ಬಾಗಿಲು ಹಾಕಿಕೊಂಡು ಕೂಡುತ್ತಾಳೆ. ಎಲ್ಲರಿಗಿಂತ ಹೆಚ್ಚು ಯಾರ ಮನೆಗೆ ಹೋಗಬೇಕೋ ಅದೇ ಮನೆಯ ಬಾಗಿಲು ಮುಚ್ಚಿರುತ್ತದೆ. ನಮ್ಮ ಸೋದರಿಯರು ಇದಕ್ಕೆ ಒಂದು ನಿಯಮ ಇಟ್ಟುಕೊಂಡಿದ್ದಾರೆ: ಯಾರಿಗೂ ಹೇಳುವದಿಲ್ಲವೆಂದು ಮಾತು ಕೊಡಕೂಡದು, ಸುಳ್ಳು ವಯಸ್ಸು ಬರೆಸಲಿಕ್ಕೆ ನೆರವಾಗಕೂಡದು, ಆದರೆ ಏನೇ ಆಗಲಿ ಹೆರಿಗೆ ದವಾಖಾನೆಯಲ್ಲಿಯೇ ಆಗಬೇಕು, ಅಲ್ಲಿಗೆ ಜೊತೆಯಲ್ಲಿ ನಾವು ಬರುತ್ತೇವೆ ಎಂದು ಹೇಳಬೇಕು. ಇದರಿಂದ ಎಲ್ಲರ ಮನಸ್ಸೂ ಸಮಾಧಾನವಾಗಿದೆಯೆಂದು ನಾವು ಹೇಳಲಾರೆವು.

ನಾವು ಮಾಡಿದ ತಪ್ಪನ್ನೂ ಬರೆಯಬೇಕು. ಮೇಲೆ ಹೇಳಿದ ಹುಡುಗಿಯ ಖೋಲಿಗೆ ಮೊದಲ ಸಲ ಹೋದಾಗ ನಾವು ಆರು ಜನ. ಸೀರೆ, ಬಾಳೆಹಣ್ಣು, ಕೂಸಿಗೆ ಟೋಪಿ ಒಯ್ದಿದ್ದೆವು. ಒಬ್ಬರು ಫೋಟೋ ತೆಗೆದರು. ಇನ್ನೊಬ್ಬರು ಕೂಸನ್ನು ಹೊಡೆಯಬಾರದಮ್ಮ ಎಂದು ಬುದ್ಧಿ ಹೇಳಿದರು. ಹುಡುಗಿ ತಲೆ ತಗ್ಗಿಸಿ ಕೇಳಿಕೊಂಡು, ನಾವು ಮೆಟ್ಟಲು ಇಳಿಯುವದರೊಳಗೆ ಬಾಗಿಲು ಹಾಕಿಕೊಂಡಳು. ಹದಿನೈದು ದಿನ ತೆರೆಯಲಿಲ್ಲ. ಆರು ಜನ ಬಂದು ಹೋದದ್ದನ್ನು ಇಡೀ ಚಾಳು ನೋಡಿತ್ತು. ಅವಳ ಮಾನ ಏನಾಗಬೇಕು? ಸತ್ಕಾರ್ಯ ಮಾಡಿದೆವೆಂಬ ಹಿಗ್ಗಿನಲ್ಲಿ ನಮಗೆ ಅದು ಹೊಳೆಯಲೇ ಇಲ್ಲ. ಆ ಫೋಟೋವನ್ನು ಅಳಿಸಿಹಾಕಿದ್ದೇವೆ.

ಎರಡನೆಯ ಸಲ ಇಬ್ಬರು ಸೋದರಿಯರಷ್ಟೇ ಹೋದರು. ಒಬ್ಬರು ಅವಳ ಕಡೆಯ ಮಾತು ಆಡುವವರು. ಬುದ್ಧಿಮಾತು ಹೇಳಲಿಲ್ಲ. "ನೀ ಮೈ ತೊಳಕೊಂಡು ಬಾ, ಕೂಸನ್ನ ನಾ ಹಿಡಕೋತೀನಿ" ಎಂದರಂತೆ. ಅವಳು ಜಳಕಕ್ಕೆ ಹೋಗಿ ಅರ್ಧ ತಾಸು ಹೊರಗೆ ಬರಲಿಲ್ಲ. ಒಳಗೆ ಅಳುವ ಸಪ್ಪಳ ಕೇಳಿಸಿತು. ಇವರು ಕೇಳಿಸದವರಂತೆ ಕೂಸಿಗೆ ಎಣ್ಣೆ ಹಚ್ಚುತ್ತ ಕುಳಿತರು. ಹೊಡೆದ ವಿಷಯ ಐದನೆಯ ಭೆಟ್ಟಿಯಲ್ಲಿ ಅವಳ ಬಾಯಿಂದಲೇ ಬಂತು.

ಆಗಲೇ ಇನ್ನೊಂದು ಸಂಗತಿಯೂ ಬೆಳಕಿಗೆ ಬಂತು. ಆಶಾತಾಯಿಯವರು ತಪ್ಪದೆ ಬಂದಿದ್ದರು, ಹೇಳಬೇಕಾದದ್ದನ್ನೆಲ್ಲ ಹೇಳಿದ್ದರು, ಆದರೆ ಮರಾಠಿಯಲ್ಲಿ. ಹುಡುಗಿ ಎಲ್ಲದಕ್ಕೂ ಹೂಂ ಎಂದಿದ್ದಳು. ಚುಚ್ಚುಮದ್ದಿನ ಕಾರ್ಡು ಟ್ರಂಕಿನ ತಳದಲ್ಲಿ ಭದ್ರವಾಗಿತ್ತು; ಅದರಲ್ಲಿ ಏನು ಬರೆದಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಕನ್ನಡ ಸಂಘವೊಂದು ಈ ಕೆಲಸದಲ್ಲಿ ಮಾಡಬಹುದಾದದ್ದು ಏನು ಎಂಬುದು ನಮಗೆ ಆ ದಿನ ತಿಳಿಯಿತು. ನಾವು ದಾದಿಯರಲ್ಲ, ವೈದ್ಯರಲ್ಲ. ಆಶಾತಾಯಿ ಬರುವ ದಿನ ನಮ್ಮವರೊಬ್ಬರು ಆ ಖೋಲಿಯಲ್ಲಿದ್ದು ಮಾತನ್ನು ಇತ್ತಿಂದತ್ತ ಸಾಗಿಸಬೇಕು. ಕಲ್ಯಾಣದ ರುಕ್ಮಿಣಿಬಾಯಿ ಆಸ್ಪತ್ರೆಗಾಗಲಿ ಉಲ್ಲಾಸನಗರದ ಸೆಂಟ್ರಲ್ ಆಸ್ಪತ್ರೆಗಾಗಲಿ ಹೋಗುವಾಗ ಜೊತೆಯಾಗಬೇಕು. ಅದು ಬಿಟ್ಟು ಔಷಧ ಹೇಳುವದು, ಗುಟ್ಟಿ ಕುಡಿಸೆನ್ನುವದು ನಮ್ಮ ಕೆಲಸವಲ್ಲ.

ಗಂಡಸರು ಖೋಲಿಗೆ ಹೋಗುವದಿಲ್ಲ. ನಮ್ಮ ಪಾಲಿಗೆ ಬಂದದ್ದು ವಹಿ ಬರೆಯುವದು ಮತ್ತು ಗಂಡನೊಡನೆ ಮಾತನಾಡುವದು. ವಹಿಯಲ್ಲಿ ಹೆಸರಿಲ್ಲ, ಅಂಕಿ ಮತ್ತು ದಿನಾಂಕ ಮಾತ್ರ. ಅದು ಬೀಗದ ಕಪಾಟಿನಲ್ಲಿದೆ. ಆ ಹುಡುಗ ಒಳ್ಳೆಯವನೇ. ಕೂಸನ್ನು ಎತ್ತಿಕೊಂಡರೆ ಜನ ನಗುತ್ತಾರೆಂದು ತಿಳಿದಿದ್ದ. ಪಾಳಿಗೆ ಹೋಗುವ ಮುಂಚೆ ಒಂದು ತಾಸು ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಹೊರಗೆ ಅಡ್ಡಾಡು, ಆ ಒಂದು ತಾಸು ಅವಳು ಮಲಗಲಿ ಎಂದು ಹೇಳಿದೆವು. ನಕ್ಕವರು ಇದ್ದರು, ನಾಲ್ಕು ದಿನಕ್ಕೆ ಸುಮ್ಮನಾದರು.

ಪೋಲೀಸಿನ ಪ್ರಶ್ನೆಗೂ ಉತ್ತರ ಹೇಳಿಬಿಡೋಣ. ಕೂಸಿನ ಮೈಮೇಲೆ ಬರೆ, ಸುಟ್ಟ ಗಾಯ, ಊದಿದ ಕೈಕಾಲು, ಎಚ್ಚರ ತಪ್ಪುವದು ಕಂಡರೆ ಭೆಟ್ಟಿಯ ಮಾತೇ ಇಲ್ಲ: ಒಬ್ಬರು ಕೂಸನ್ನು ದವಾಖಾನೆಗೆ ಒಯ್ಯಬೇಕು, ಇನ್ನೊಬ್ಬರು 1098ಕ್ಕೆ ಫೋನು ಮಾಡಬೇಕು. ಈ ಮಕ್ಕಳ ಸಹಾಯವಾಣಿ 1996ರಲ್ಲಿ ಹುಟ್ಟಿದ್ದು ನಮ್ಮ ಮುಂಬಯಿಯಲ್ಲಿಯೇ. ಹಗಲು ರಾತ್ರಿ ಇರುತ್ತದೆ, ದುಡ್ಡು ಬೀಳುವದಿಲ್ಲ.

ಪ್ರಶ್ನೆ ಕೇಳಿದ ಸದಸ್ಯರ ಮನೆಯವರೇ ಈಗ ಆ ಖೋಲಿಗೆ ಹೋಗುತ್ತಾರೆ. ಕೂಸಿಗೆ ಏಳನೆಯ ತಿಂಗಳು. ರಾಗಿಯ ಅಂಬಲಿ ಕುಡಿಯುತ್ತದೆ. ರಾತ್ರಿ ಅಳು ಜೋರಾದರೆ ಇವರು ನಡುಗೋಡೆಗೆ ಎರಡು ಸಲ ಬಡಿಯುತ್ತಾರೆ. ಆ ಕಡೆಯಿಂದ ಒಮ್ಮೆ ಬಡಿದರೆ ಮಲಗುತ್ತಾರೆ. ಬಡಿಯದಿದ್ದರೆ ಎದ್ದು ಹೋಗುತ್ತಾರೆ.